ಟೀಕಾ ಏಳದ ತೋಳುಗಳು

ನನ್ನ ರೊಟ್ಟಿ ಒಂದು ಕಡೆ ದಪ್ಪವಾಗುತ್ತಿದೆ ಎಂದು ಅತ್ತೆ ಹೇಳಿದಾಗ ನಾನು ಅದನ್ನು ಅತ್ತೆಯಂದಿರು ಹೇಳುವ ಮಾತೆಂದೇ ತಿಳಿದೆ. ಮುದುಕಿ ತಟ್ಟೆಯ ಮುಂದೆ ಕೂತು ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುತಿರುಗಿಸಿ ನೋಡಿದಳು.

"ಈ ಕಡಿ ನೋಡು, ಹಪ್ಪಳ ಆಗ್ಯಾದ. ಈ ಕಡಿ ಕೌದಿ ಆಗ್ಯಾದ. ಸುಮಾರು ದಿನದಿಂದ ಹಿಂಗೇ ಆಗಲತ್ತಾವ."

"ಕೈಗಿ ಬಾವು ಅದ, ನಿಮಗ ಗೊತ್ತಿಲ್ಲೇನ್ರಿ?"

"ಬಾವು ಈಗ ಬಂದದೇನು? ಕೊಯ್ಸಿಕೊಂಡು ಬಂದಾಗಿಂದ ಅದ. ಆವಾಗ ರೊಟ್ಟಿ ಬರೋಬರಿ ಆಗ್ತಿದ್ವು."

ನಾನು ಹಂಚಿನ ಮೇಲಿನ ರೊಟ್ಟಿ ಮಗುಚಿದೆ. ಗಂಡ ತೀರಿಕೊಂಡ ಮೇಲೆ ಈಕೆಯೂ ನಾನೂ ಭಾಲ್ಕಿಯ ಒಂದೇ ಸೂರಿನಡಿ ಉಳಿದವರು. ಪ್ರೀತಿಗಾಗಿ ಉಳಿದದ್ದಲ್ಲ, ಇಬ್ಬರಿಗೂ ಹೋಗಲು ಬೇರೆ ಕಡೆ ಇರಲಿಲ್ಲ. ಆಕೆ ಹೇಳಿದ್ದಕ್ಕೆ ನಾನು ಬೆಲೆ ಕೊಡುತ್ತಿರಲಿಲ್ಲ, ನಾನು ಹೇಳಿದ್ದಕ್ಕೆ ಆಕೆಯೂ ಕೊಡುತ್ತಿರಲಿಲ್ಲ. ಅವತ್ತು ಮಾತ್ರ ಕೊಟ್ಟಿದ್ದರೆ ಆ ವರ್ಷದ ಬಹಳಷ್ಟು ಕೆಡುಕು ತಪ್ಪುತ್ತಿತ್ತು.

ನಿಜಾಮರ ಕಾಲದಲ್ಲಿ ಕೊಯ್ಸಿಕೊಂಡು ಬಂದ ರೋಗ ಮೈಸೂರು ರಾಜ್ಯದಲ್ಲಿ ತಿರುಗಿ ಬಂತು. ಬಲಗಡೆಯ ಎದೆಯನ್ನೂ ಕಂಕುಳದ ಗಂಟುಗಳನ್ನೂ ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ತೆಗೆದಿದ್ದರು. ಆಮೇಲೆ ಸರಕಾರ ಬದಲಾಯಿತು, ರಾಜ್ಯ ಒಡೆಯಿತು, ನಾವು ಬೀದರಿನವರು ಮೈಸೂರಿಗೆ ಸೇರಿದೆವು. ಅಷ್ಟೂ ವರ್ಷ ರೋಗ ಸುಮ್ಮನಿತ್ತು. ನಾನೂ ಅದನ್ನು ಮರೆತಿದ್ದೆ. ಕುಪ್ಪಸದ ಬಲಗಡೆ ಹತ್ತಿ ತುಂಬಿಕೊಳ್ಳುವಾಗ ಕೂಡ ಅದರ ನೆನಪಾಗದಷ್ಟು ಅಭ್ಯಾಸವಾಗಿತ್ತು. ಮೈಸೂರಿಗೆ ಸೇರಿದ ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ, ಸ್ನಾನ ಮಾಡುವಾಗ, ಬಲಗಡೆಯ ಕೊರಳೆಲುಬಿನ ಮೇಲೆ ಕಡಲೆಕಾಳಿನಂಥದ್ದು ಕೈಗೆ ಸಿಕ್ಕಿತು. ಬೆನ್ನು ಅದಕ್ಕೂ ಮೊದಲೇ ನೋಯಲು ಶುರುವಾಗಿತ್ತು. ಬಂಡಿಯ ಓಡಾಟ ಎಂದು ಸುಮ್ಮನಿದ್ದೆ.

ಹೈದರಾಬಾದಿಗೆ ಹೋದೆ. ಅದು ಈಗ ಬೇರೆ ರಾಜ್ಯ, ಆದರೆ ನನ್ನನ್ನು ಕೊಯ್ದ ಡಾಕ್ಟರು ಅಲ್ಲೇ ಇದ್ದರು. ಅವರು ಬೆನ್ನಿನ ಫೋಟೋ ತೆಗೆಸಿದರು, ಗಂಟನ್ನು ಒತ್ತಿ ನೋಡಿದರು. "ಸರತಾನ್ ವಾಪಸ್ ಬಂದದಮ್ಮಾ. ಎಲುಬಿಗೂ ಹೋಗ್ಯಾದ. ಇನ್ನ ಪೂರಾ ತೆಗಿಲಿಕ್ಕ ಬರಂಗಿಲ್ಲ," ಎಂದರು. ಸರತಾನ್ ಎಂದರೆ ಕ್ಯಾನ್ಸರು. ಅಂಡಾಶಯ ತೆಗೆದುಹಾಕಿದರೆ ಕೆಲವರಲ್ಲಿ ಈ ರೋಗ ಒಂದಷ್ಟು ಕಾಲ ಮಲಗುತ್ತದಂತೆ, ಗಂಟಿಗೆ ಕರೆಂಟು ಕೊಡಬಹುದಂತೆ, ಆದಷ್ಟು ಬೇಗ ಬಾ ಎಂದರು. ಎಷ್ಟು ಕಾಲ ಮಲಗುತ್ತದೆ ಎಂದು ಕೇಳಿದೆ. ಅವರು ಮೇಲೆ ಕೈ ತೋರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ದೇವರು ಹೇಳುವುದಾದರೆ ನಾನು ಟಿಕೆಟ್ ತೆಗೆಸಿಕೊಂಡು ಅಲ್ಲಿಗೆ ಯಾಕೆ ಹೋಗಬೇಕಿತ್ತು?

ಟೀಕಾದ ಹಂಗಾಮು ಮುಗಿದ ಮೇಲೆ ಬರುತ್ತೇನೆ ಎಂದು ಹೇಳಿ ವಾಪಸಾದೆ.

ಟೀಕಾ ಎಂದರೆ ಸಿಡುಬಿನ ಲಸಿಕೆ. ಅದನ್ನು ಹಾಕುವುದೇ ನನ್ನ ನೌಕರಿ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಗೆ ನಾವು ಇಬ್ಬರು ಹೋಗುತ್ತಿದ್ದೆವು. ಔರಾದ ಕಡೆಯ ಒಬ್ಬ ಟೀಕಾದವ ಚಾವಡಿಯಲ್ಲಿ ಕೂತು ಗಂಡಸರಿಗೂ ದೊಡ್ಡ ಹುಡುಗರಿಗೂ ಹಾಕುತ್ತಿದ್ದ. ಹೆಂಗಸರು, ಎಳೆಗೂಸುಗಳು ನನ್ನ ಪಾಲು. ಮನೆಯೊಳಗೆ ಹೋಗುವ ಹಕ್ಕು ನನಗೊಬ್ಬಳಿಗೇ ಇತ್ತು. ನನ್ನನ್ನು ಎಲ್ಲರೂ ಟೀಕಾಬಾಯಿ ಎನ್ನುತ್ತಿದ್ದರು. ಆ ಟೀಕಾದವನ ಮೇಲೆ ನನಗೆ ಒಂದು ಕಾಳಿನಷ್ಟೂ ಗೌರವವಿರಲಿಲ್ಲ. ಬಾಯಿ ತುಂಬ ತಂಬಾಕು, ತೋಳು ತೊಳೆಯುವ ಮುಂಚೆಯೇ ಕೈಯಲ್ಲಿ ಲ್ಯಾನ್ಸೆಟ್ಟು, ಚಪ್ಪಲಿ ಹೊಲಿಯುವವನಂತೆ ಅದನ್ನು ಒತ್ತುವ ರೀತಿ.

ಕೆಲಸ ನಾಜೂಕಿನದು. ಲಸಿಕೆ ಕೂದಲಿನಂಥ ಗಾಜಿನ ನಳಿಕೆಯಲ್ಲಿ ಬರುತ್ತದೆ. ಎರಡೂ ತುದಿ ಮುರಿದು, ರಬ್ಬರಿನಿಂದ ಊದಿದರೆ ಒಂದು ಹನಿ ತೋಳಿನ ಮೇಲೆ ಬೀಳುತ್ತದೆ. ತೋಳನ್ನು ಮೊದಲು ಸೋಪು ನೀರಿನಲ್ಲಿ ತೊಳೆದು ಒಣಗಿಸಿರಬೇಕು. ಸ್ಪಿರಿಟು ಹಚ್ಚಿದರೆ ಲಸಿಕೆಯೇ ಸಾಯುತ್ತದೆ. ಲ್ಯಾನ್ಸೆಟ್ಟು ಎಂದರೆ ಕಡ್ಡಿಯ ತುದಿಗೆ ಒಂದು ಗುಂಡಗಿನ ಬಿಲ್ಲೆ, ಬಿಲ್ಲೆಯ ಸುತ್ತ ಸೂಜಿಮೊನೆಯಂಥ ಹಲ್ಲು. ಅದನ್ನು ಹನಿಯ ಮೇಲಿಟ್ಟು, ಒತ್ತಿ, ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು. ರಕ್ತ ಬರಬಾರದು. ಚರ್ಮ ಗೀರಬೇಕು, ಸೀಳಬಾರದು. ಹೆಚ್ಚು ಒತ್ತಿದರೆ ರಕ್ತ ಲಸಿಕೆಯನ್ನು ತೊಳೆದುಬಿಡುತ್ತದೆ, ಕಡಿಮೆ ಒತ್ತಿದರೆ ಲಸಿಕೆ ಒಳಗೇ ಹೋಗುವುದಿಲ್ಲ. ಆಮೇಲೆ ನೆರಳಿನಲ್ಲಿ ಒಣಗಲು ಬಿಡಬೇಕು. ಎಂಟನೇ ದಿನ ತಿರುಗಿ ಹೋಗಿ ನೋಡಿದರೆ ಆ ಜಾಗದಲ್ಲಿ ನಡುವೆ ತಗ್ಗಿರುವ ಒಂದು ಮುತ್ತಿನಂಥ ಗುಳ್ಳೆ ಎದ್ದಿರುತ್ತದೆ. ಗುಳ್ಳೆ ಎದ್ದರೆ ಟೀಕಾ ಎದ್ದಿತು, ಕೂಸು ಸಿಡುಬಿನಿಂದ ಪಾರಾಯಿತು. ಏಳದಿದ್ದರೆ ಏನೂ ಹಾಕಿಲ್ಲವೆಂದೇ ಲೆಕ್ಕ.

ಆ ಚಳಿಗಾಲ ಹಲಬರ್ಗಾದಲ್ಲಿ ಎಂಟನೇ ದಿನ ನೋಡಲು ಹೋದಾಗ ಕೂಸುಗಳ ತೋಳು ಬರಿದಾಗಿದ್ದವು. ಒಂದೆರಡು ಕಡೆ ಎದ್ದಿತ್ತು, ಉಳಿದವರ ತೋಳಿನಲ್ಲಿ ಗೀರಿದ ಗುರುತೂ ಮಾಸಿಹೋಗಿತ್ತು. ನನಗೆ ಕಾರಣ ಕೂಡಲೇ ಹೊಳೆಯಿತು. ಹೊಳೆಯಿತು ಎಂದರೆ, ಮೊದಲಿನಿಂದಲೂ ಇದ್ದ ಕಾರಣ. ನಮ್ಮ ಕಡೆ ಟೀಕಾಬಾಯಿ ಬೆನ್ನು ತಿರುಗಿಸಿದ ಕೂಡಲೇ ಬೇವಿನೆಲೆ ಹಾಕಿ ಕಾಯಿಸಿದ ನೀರಿನಿಂದ ತೋಳು ತೊಳೆದುಬಿಡುವ ಹೆಂಗಸರಿದ್ದಾರೆ. ಸಿಡುಬಿನ ದೇವಿಯನ್ನು ಚುಚ್ಚಿ ಮೈಮೇಲೆ ಕರೆಯುವುದು ಅವರಿಗೆ ಹೆದರಿಕೆ. ಒಂದು ಮನೆಯ ಒಲೆಯ ಮೇಲೆ ಬೇವಿನ ನೀರು ಕುದಿಯುತ್ತಿತ್ತು. ಆ ಮನೆಯ ಸೊಸೆಯ ಹೆಣ್ಣುಕೂಸಿನ ತೋಳು ಖಾಲಿ.

"ತೊಳೆದಿ ಅಲ್ಲ?" ಅಂದೆ.

"ಇಲ್ರಿ ಬಾಯಿ, ಬಸವಣ್ಣನ ಆಣಿ. ಆ ನೀರು ನಮ್ಮ ಮಾವನ ಕಾಲಿನ ಹುಣ್ಣಿಗೆ ಇಟ್ಟೀನ್ರಿ."

"ಸುಳ್ಳ ಹೇಳಬ್ಯಾಡ. ನಿನ್ನಂಥ ಮೂರ್ಖರಿಂದೇ ಕೂಸುಗೋಳು ಕಣ್ಣು ಕಳಕೋತಾವ, ಸಾಯ್ತಾವ. ನಿನ್ನ ಕೂಸು ಸತ್ತರ ಆವಾಗ ಬಸವಣ್ಣಗ ಕೇಳು."

ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಆಕೆಯ ಅತ್ತೆ ಒಳಗಿಂದ ಬಂದವಳೇ ಸೊಸೆಯ ಕೆನ್ನೆಗೆ ಹೊಡೆದಳು. ಸೊಸೆ ಅಳಲಿಲ್ಲ, ಕೂಸನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೆ ಆಗ ಪಶ್ಚಾತ್ತಾಪವಾಗಲಿಲ್ಲ, ಸಮಾಧಾನವಾಯಿತು. ಬೆನ್ನು ಒಳಗಿನಿಂದ ಯಾರೋ ಕೊರೆಯುವಂತೆ ನೋಯುತ್ತಿತ್ತು, ಯಾರ ಮೇಲಾದರೂ ಕೂಗಬೇಕಾಗಿತ್ತು.

ತಿರುಗಿ ಹಾಕಿದೆ. ಈ ಸಲ ಪ್ರತಿ ತೋಳು ಒಣಗುವವರೆಗೆ ಎದುರಿಗೇ ಕೂತೆ. ಎಂಟನೇ ದಿನ ಮತ್ತೆ ಅದೇ ಕಥೆ.

ಆಗ ಎರಡನೇ ಕಾರಣ ಹುಡುಕಿದೆ. ಮೊದಲು ಲಸಿಕೆ ಹೈದರಾಬಾದಿನಿಂದ ರೈಲಿನಲ್ಲಿ ನೇರ ಬರುತ್ತಿತ್ತು. ರಾಜ್ಯ ಬದಲಾದ ಮೇಲೆ ಅದು ಮೈಸೂರು ರಾಜ್ಯದ ಇನ್ನೊಂದು ತುದಿಯಿಂದ, ಎರಡು ಮೂರು ರೈಲು ಬದಲಿಸಿ ಬರತೊಡಗಿತು. ಲಸಿಕೆಗೆ ಬಿಸಿ ತಾಗಿದರೆ ಮುಗಿಯಿತು. ತಂಪಾಗಿಡಲು ಭಾಲ್ಕಿಯಲ್ಲಿ ಬರ್ಫ ಎಲ್ಲಿಂದ ಬರಬೇಕು? ನಾವು ಒದ್ದೆ ಮರಳು ತುಂಬಿದ ಗಡಿಗೆಯಲ್ಲಿ ನಳಿಕೆಗಳನ್ನು ಹುಗಿದು ಇಡುತ್ತಿದ್ದೆವು. ದಾರಿಯಲ್ಲೇ ಸತ್ತದ್ದನ್ನು ಗಡಿಗೆ ಬದುಕಿಸುವುದಿಲ್ಲ. ಸರಿ, ಲಸಿಕೆ ಸತ್ತಿದೆ ಎಂದು ತೀರ್ಮಾನಿಸಿ ದವಾಖಾನೆಗೆ ಹೋದೆ.

ದವಾಖಾನೆಯ ಹೊಸ ಡಾಕ್ಟರು ಮೈಸೂರು ಕಡೆಯವರು. ಸಣ್ಣ ವಯಸ್ಸು, ಇಸ್ತ್ರಿ ಮುರಿಯದ ಅಂಗಿ. ಅವರ ಕನ್ನಡ ಪತ್ರಿಕೆ ಓದಿದಂತೆ ಕೇಳುತ್ತಿತ್ತು, ನಮ್ಮದು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ನಮ್ಮವರ ಜೊತೆ ಸೇರಿದೆವು ಎಂದು ಊರಲ್ಲಿ ಪೇಢೆ ಹಂಚಿದ್ದರು. ಈ ನಮ್ಮವರು ಬಂದ ದಿನವೇ ಉರ್ದುವಿನ ದಫ್ತರುಗಳನ್ನೆಲ್ಲ ಕೋಣೆಗೆ ತಳ್ಳಿ ಬೀಗ ಹಾಕಿಸಿದ್ದರು.

"ಲಸಿಕೆ ಸರಿಯಾಗೇ ಇದೆಯಮ್ಮ," ಎಂದರು. "ನಿಮ್ಮ ಜೊತೆಯವರು ಹಾಕಿದ್ದೆಲ್ಲ ಎದ್ದಿದೆಯಂತಲ್ಲ."

"ಅವರು ಹಾಕಿದ್ದು ದೊಡ್ಡ ಹುಡುಗರಿಗಿ, ಗಂಡಸರಿಗಿ. ಅವರೆಲ್ಲ ಮೊದಲೇ ಹಾಕಿಸಿಕೊಂಡವ್ರು. ಸ್ವಲ್ಪ ಕೆಂಪಗಾದ್ರ ಸಾಕು, ಎದ್ದದ ಅಂತಾರ. ಖರೆ ಪರೀಕ್ಷಾ ಕೂಸಿನ ತೋಳಿನ ಮ್ಯಾಲ."

ಅವರು ಪೆನ್ನು ಕೆಳಗಿಟ್ಟರು. "ನೋಡಿ, ನಿಮ್ಮ ಕಾಯಿಲೆ ವಿಷಯ ನನಗೆ ಗೊತ್ತಾಗಿದೆ. ಕ್ಯಾನ್ಸರು ಬೆನ್ನಿಗೆ ಬಂದಿರೋವಾಗ ಎತ್ತಿನಗಾಡೀಲಿ ಅಲೀತಾ ಇದ್ದೀರಲ್ಲ, ಯಾಕೆ? ರಜ ಬರ್ಕೊಡಿ. ನಾನು ಸೈನ್ ಹಾಕ್ತೀನಿ."

ಗೊತ್ತಾಗಿದೆ ಎಂದರೆ ಯಾರೋ ಹೇಳಿದ್ದಾರೆ. ಟೀಕಾದವನ ತಂಬಾಕಿನ ಬಾಯಿ ನೆನಪಾಯಿತು. ಊರಿನಲ್ಲಿಯೂ ಗೊತ್ತಾಗಿತ್ತು. ಭಸ್ಮ ತಂದು ಹಣೆಗೆ ಹಚ್ಚುವವರು, ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಅತ್ತೆಯನ್ನು ವಿಚಾರಿಸುವವರು, ನಾನು ಕುಡಿದ ಲೋಟವನ್ನು ಎರಡು ಸಲ ತೊಳೆಯುವವರು. ಕೊಯ್ಸಿಕೊಂಡಾಗ ಇವರೆಲ್ಲ ನನ್ನನ್ನು ಧೈರ್ಯದ ಹೆಂಗಸು ಎಂದಿದ್ದರು. ಎರಡನೇ ಸಲ ಬಂದರೆ ಧೈರ್ಯಕ್ಕೆ ಮರ್ಯಾದೆಯಿಲ್ಲ. ಆಗಲೇ ಸತ್ತವಳ ಲೆಕ್ಕದಲ್ಲಿ ಮಾತಾಡಿಸುತ್ತಾರೆ. ಡಾಕ್ಟರೂ ಹಾಗೆಯೇ ಮಾತಾಡಿಸಿದರು.

"ರಜಾ ಬ್ಯಾಡ್ರಿ," ಅಂದೆ. "ಪರೀಕ್ಷಾ ಮಾಡೋಣ. ಒಂದೇ ಊರು, ಒಂದೇ ನಳಿಕಿ. ಹೊಸಾ ಕೂಸುಗೋಳು. ಅರ್ಧ ಅವರು ಹಾಕಲಿ, ಅರ್ಧ ನಾ ಹಾಕ್ತೀನಿ. ಎಂಟನೇ ದಿನ ನೀವೇ ಬಂದು ನೋಡ್ರಿ. ಇಬ್ಬರದೂ ಏಳಲಿಲ್ಲ ಅಂದ್ರ ಲಸಿಕೆ ಸತ್ತದ ಅಂತ ಮ್ಯಾಲಿನವರಿಗಿ ಬರೀರಿ."

ಅವರು ನನ್ನ ಮುಖವನ್ನೇ ನೋಡಿ, "ಆಗಲಿ," ಎಂದರು. ನಾನು ಗೆದ್ದವಳಂತೆ ಹೊರಗೆ ಬಂದೆ.

ಪರೀಕ್ಷೆಗೆ ಆರಿಸಿದ ಊರು ಎಕಂಬಾ. ಗಡಿಯಾಚೆ ಮರಾಠಿ ಸೀಮೆಯಲ್ಲಿ ಸಿಡುಬು ಬಿದ್ದಿದೆ ಎಂಬ ಸುದ್ದಿ ಔರಾದಿನ ಸಂತೆಗೆ ಬಂದಿತ್ತು. ಹಾಗಾಗಿ ತಾಯಂದಿರು ತಕರಾರಿಲ್ಲದೆ ಬಂದರು. ನಾನೂ ಟೀಕಾದವನೂ ಠಾಣಾ ಕುಶನೂರಿನವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಬಂಡಿ ಹಿಡಿದೆವು. ತೊಗರಿ ಕೊಯ್ಲಿನ ಕಾಲ, ಕೂಳೆಗಳು ನಿಂತ ಹೊಲದ ನಡುವೆ ಬಂಡಿ ಕುಲುಕಿದಾಗಲೆಲ್ಲ ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಅವನು ನೋಡಿಯೂ ನೋಡದಂತೆ ಕೂತಿದ್ದ. ಒಮ್ಮೆ ತನ್ನ ಕಂಬಳಿಯನ್ನು ನನ್ನ ಕಡೆ ತಳ್ಳಿದ. ನಾನು ವಾಪಸ್ ತಳ್ಳಿದೆ.

ಬೇವಿನ ಮರದ ಕೆಳಗೆ ಕೂಸುಗಳನ್ನು ಸಾಲಾಗಿ ಕೂರಿಸಿಕೊಂಡೆವು. ಒಂದು ನಳಿಕೆಯಿಂದ ಅವನ ಕೂಸಿಗೊಂದು ಹನಿ, ನನ್ನ ಕೂಸಿಗೊಂದು ಹನಿ. ಲ್ಯಾನ್ಸೆಟ್ಟು ಸುಟ್ಟು, ಆರಿಸಿ, ಹಚ್ಚಿದೆವು. ನಾನು ನನ್ನ ಕೆಲಸವನ್ನು ಯಾವತ್ತಿಗಿಂತ ಶ್ರದ್ಧೆಯಿಂದ ಮಾಡಿದೆ. ಒತ್ತುವುದು, ತಿರುಗಿಸುವುದು, ಎಲ್ಲವೂ ಸರಿಯಾಗಿ ಆಯಿತೆಂದು ನನ್ನ ಕೈ ನನಗೆ ಹೇಳಿತು. ಅವನು ಎಂದಿನಂತೆ ಒರಟಾಗಿ ಒತ್ತಿ ಎದ್ದ.

ಎಂಟನೇ ದಿನ ಡಾಕ್ಟರು ಜೀಪಿನಲ್ಲಿ ಬಂದರು. ಅವರು ಮೊದಲು ಅವನ ಕೂಸುಗಳನ್ನು ನೋಡಿದರು. ಮೊದಲ ತೋಳಿನಲ್ಲಿ ಗುಳ್ಳೆ ಎದ್ದಿತ್ತು. ಎರಡನೆಯದರಲ್ಲಿಯೂ ಎದ್ದಿತ್ತು, ಮೂರನೆಯದರಲ್ಲಿಯೂ. ಅಂದರೆ ಲಸಿಕೆ ಬದುಕಿತ್ತು. ಆಮೇಲೆ ನನ್ನ ಕೂಸುಗಳ ಕಡೆ ಬಂದರು. ಒಬ್ಬೊಬ್ಬ ತಾಯಿ ಕೂಸಿನ ಅಂಗಿಯ ತೋಳು ಸರಿಸಿದಾಗಲೂ ನುಣುಪಾದ ಚರ್ಮವೇ ಕಂಡಿತು. ಸಾಲಿನ ಕೊನೆಯಲ್ಲಿ ಒಂದೇ ಒಂದು ಕೂಸಿನದು ಎದ್ದಿತ್ತು, ಅದೂ ಅರ್ಧಂಬರ್ಧ.

"ಆಕಿ ಕೂಸಿಗಿ ಎದ್ದದ, ನನ್ನ ಕೂಸಿಗಿ ಯಾಕ ಎದ್ದಿಲ್ರಿ?" ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು ನನಗೆ ಕೇಳುವಂತೆಯೇ ಹೇಳಿದಳು, "ಬಾಯಿಗಿ ರೋಗ ಅದಂತ. ರೋಗದ ಕೈಲೆ ಹಾಕಿದ್ರ ಏನ್ ಏಳ್ತದ?"

ಡಾಕ್ಟರು ನನ್ನನ್ನು ಜೀಪಿನ ಹಿಂದೆ ಕರೆದೊಯ್ದು, ಮುಖ ಆ ಕಡೆ ತಿರುಗಿಸಿಕೊಳ್ಳಲು ಹೇಳಿ, ಬಲಗೈಯನ್ನು ಹಿಡಿದುಕೊಂಡರು.

"ಚುಚ್ಚಿದಾಗ ಹೇಳಿ," ಎಂದರು.

ನಾನು ಕಾದೆ. ಬೇವಿನ ಮರದ ಹತ್ತಿರ ಕೂಸೊಂದು ಅಳುತ್ತಿತ್ತು. ಯಾವಾಗ ಚುಚ್ಚುತ್ತೀರಿ ಎಂದು ಕೇಳೋಣವೆಂದು ತಿರುಗಿದೆ. ಕಿರುಬೆರಳಿನ ತುದಿಯಲ್ಲಿ ಆಗಲೇ ಸಾಸಿವೆಯಷ್ಟು ರಕ್ತವಿತ್ತು.

ಉಂಗುರಬೆರಳೂ ಹಾಗೆಯೇ ಇತ್ತು. ಅಂಗೈಯ ಆ ಅಂಚೂ ಹಾಗೆಯೇ. ತಮ್ಮ ಬೆರಳನ್ನು ನನ್ನ ಮುಷ್ಟಿಯಲ್ಲಿಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿದರು. ನಾನು ಇದ್ದಬದ್ದ ಬಲವನ್ನೆಲ್ಲ ಹಾಕಿ ಹಿಡಿದೆ. ಅವರು ಸುಲಭವಾಗಿ ಎಳೆದುಕೊಂಡರು.

"ಕೊರಳ ಹತ್ರ ಇರೋ ಗಂಟು ಕೈಗೆ ಹೋಗೋ ನರವನ್ನ ಒತ್ತುತಾ ಇದೆ," ಎಂದರು. "ನೀವು ಒತ್ತಿದ್ದೀನಿ ಅಂದ್ಕೊಂಡಿದ್ದೀರಿ, ಒತ್ತಿಲ್ಲ. ಎಷ್ಟು ತಿಂಗಳಿಂದ ಹೀಗಿದೆ?"

ನನಗೆ ಅತ್ತೆ ತಪ್ಪು ಹಿಡಿದ ರೊಟ್ಟಿ ನೆನಪಾಯಿತು. ಕಿರುಬೆರಳಿನ ಕಡೆ ದಪ್ಪ, ಹೆಬ್ಬೆರಳಿನ ಕಡೆ ತೆಳು. ಈ ಡಾಕ್ಟರಿಗಿಂತ ಮೊದಲು, ಹೈದರಾಬಾದಿನ ಡಾಕ್ಟರಿಗಿಂತ ಮೊದಲು, ಮುದುಕಿ ಅದನ್ನು ಬೆಳಕಿಗೆ ಹಿಡಿದು ತೋರಿಸಿದ್ದಳು. ನನಗೆ ಆ ಗಳಿಗೆಯಲ್ಲಿ ಅಳು ಬರಲಿಲ್ಲ. ಆ ಡಾಕ್ಟರನ್ನು ಹೊಡೆಯಬೇಕೆನಿಸಿತು. ಸರಿಯಾಗಿ ಹೇಳಿದ ತಪ್ಪಿಗೆ.

ಇವತ್ತಿಗೂ ಆ ಕೈ ತಿರುಗಿ ಬಂದಿಲ್ಲ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ.

ವಾಪಸ್ ಬರುವಾಗ ನಮ್ಮಿಬ್ಬರನ್ನೂ ಜೀಪಿನಲ್ಲೇ ಕೂರಿಸಿಕೊಂಡರು. ಆ ಹಂಗಾಮಿನಲ್ಲಿ ನಾನು ಮುಟ್ಟಿದ ಹಳ್ಳಿಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಬೆನ್ನುನೋವಿನಿಂದ ಬಹಳಷ್ಟು ಕಡೆ ಎಂಟನೇ ದಿನ ನೋಡಲು ಹೋಗಿರಲಿಲ್ಲ. ಅಲ್ಲಿನ ತಾಯಂದಿರೆಲ್ಲ ತಮ್ಮ ಕೂಸಿಗೆ ಟೀಕಾ ಆಗಿದೆ ಎಂದು ನೆಮ್ಮದಿಯಾಗಿದ್ದರು. ಸಿಡುಬು ಗಡಿಯಾಚೆ ಕೂತಿತ್ತು, ಸಂತೆಯ ದಿನ ಬಂಡಿ ಹತ್ತಿ ಬರಬಹುದಾಗಿತ್ತು. ಆ ಕೂಸುಗಳ ತೋಳಿನಲ್ಲಿ ಏನೂ ಇರಲಿಲ್ಲ.

"ಎಲ್ಲ ಊರಿಗೂ ಮತ್ತೆ ಹಾಕಿಸ್ತೀನಿ," ಎಂದರು ಡಾಕ್ಟರು. "ಹೋದ ಸಲ ಲಸಿಕೆ ಕೆಟ್ಟಿತ್ತು, ಹೊಸಾದು ಬಂದಿದೆ ಅಂತ ಹೇಳಿದ್ರಾಯ್ತು. ನಿಮ್ಮ ಹೆಸರು ಬರೋದು ಬೇಡ. ನೀವು ನಾಳೆನೇ ಹೈದರಾಬಾದಿಗೆ ಹೊರಡಿ."

ಟೀಕಾದವನೂ ತಂಬಾಕು ಉಗುಳಿ ತಲೆಯಾಡಿಸಿದ. "ಹಂಗೇ ಹೇಳೋಣ ಬಾಯಿ. ನಿಮ್ಮದೂ ಮರ್ಯಾದಿ ಉಳೀತದ."

ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಒಪ್ಪಿಕೊಳ್ಳಲು ನನಗೆ ಎಷ್ಟು ಆಸೆಯಾಯಿತು ಎಂದು ಹೇಳಲಾರೆ. ಎಲ್ಲ ಸುಲಭವಾಗಿ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷ ಮನೆಮನೆಯ ಹೊಸ್ತಿಲ ಮೇಲೆ ಕೂತವಳಿಗೆ ಆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಗೊತ್ತಿತ್ತು. ಲಸಿಕೆ ಕೆಟ್ಟಿತ್ತು ಎಂದು ಒಂದು ಸಲ ಹೇಳಿದರೆ, ಮುಂದೆ ಯಾವ ಲಸಿಕೆ ಬಂದರೂ ಅದು ಕೆಟ್ಟದ್ದೇ. ಬೇವಿನ ನೀರು ಪ್ರತಿ ಮನೆಯ ಒಲೆ ಏರುತ್ತದೆ. ಕೆಟ್ಟದ್ದು ಒಂದು ಕೈ ಎಂದು ಹೇಳಿದರೆ, ಆ ಕೈಯನ್ನು ಬಿಟ್ಟು ಇನ್ನೊಂದರಿಂದ ಹಾಕಿಸಿಕೊಳ್ಳುತ್ತಾರೆ. ಜೊತೆಗೆ, ಗಂಡಸಿನ ಕೈಗೆ ಎಳೆಗೂಸು ಕೊಡಲು ಒಪ್ಪದ ಮನೆಗಳ ಬಾಗಿಲು ನಾನು ಹೋಗದಿದ್ದರೆ ತೆರೆಯುವುದೂ ಇಲ್ಲ.

"ಲಸಿಕೆ ಕೆಟ್ಟಿದ್ದಿಲ್ಲ," ಅಂದೆ. "ನನ್ನ ಕೈ ಕೆಟ್ಟದ. ಹಂಗೇ ಹೇಳ್ತೀನಿ, ನಾನೇ ಹೋಗಿ ಹೇಳ್ತೀನಿ. ಕೂಸು ನಾ ಹಿಡೀತೀನಿ, ಇವರು ಹಾಕಲಿ."

"ನಿಮ್ಮ ಆಪರೇಷನ್ನು?"

"ಅದು ಆಮ್ಯಾಲ."

"ಹುಚ್ಚುತನ," ಎಂದರು. ಆದರೂ ತಡೆಯಲಿಲ್ಲ. ಬೇರೆ ಹೆಂಗಸು ಅವರ ಬಳಿ ಇರಲಿಲ್ಲ.

ಮನೆಗೆ ಬಂದು ಹಿಟ್ಟು ಕಲಸಲು ಕೂತೆ. ಅತ್ತೆ ಎದುರಿಗೆ ಬಂದಳು. ನಾನು ಎಲ್ಲ ಹೇಳಿದೆ. ಆಕೆ ಸಾಂತ್ವನ ಹೇಳುವ ಹೆಂಗಸಲ್ಲ. "ಹೇಳಿದ್ನಿಲ್ಲ? ನನ್ನ ಮಾತ ಯಾವಾಗ ಕೇಳೀದಿ ನೀನು?" ಎಂದು ಬೈದಳು. "ಊರೂರು ತಿರುಗಿ ದಾರ್ಯಾಗ ಸತ್ತರ ಹೆಣ ತರಲಿಕ್ಕಿ ನನ್ನ ಕಾಲಾಗ ಬಲ ಇಲ್ಲ," ಎಂದಳು. ಬೈಯುತ್ತಲೇ ಹಿಟ್ಟಿನ ಕೊಣಬಿಗೆಯನ್ನು ತನ್ನ ಕಡೆ ಎಳೆದುಕೊಂಡು, ಹಿಟ್ಟು ನಾದಿ, ನಡುಗುವ ಕೈಯಿಂದ ರೊಟ್ಟಿ ಬಡಿಯಲು ಶುರುಮಾಡಿದಳು. ಆಕೆಯ ರೊಟ್ಟಿ ನನ್ನದಕ್ಕಿಂತ ಸೊಟ್ಟಗಾಗಿತ್ತು.

ಮರುದಿನದಿಂದ ತಿರುಗಾಟ. ಬೆನ್ನಿಗೆ ಅತ್ತೆಯ ಹಳೆಯ ಸೀರೆಯನ್ನು ಗಟ್ಟಿಯಾಗಿ ಸುತ್ತಿಕೊಂಡು ಬಂಡಿಯಲ್ಲಿ ಹುಲ್ಲಿನ ಮೇಲೆ ಕೂತೆ. ಡಾಕ್ಟರು ಕೊಟ್ಟ ಗುಳಿಗೆಗಳು ಮಧ್ಯಾಹ್ನದವರೆಗೆ ನೋವು ತಡೆಯುತ್ತಿದ್ದವು. ಪ್ರತಿ ಊರಿನಲ್ಲಿಯೂ ಅದೇ ಮಾತು. ಹೆಂಗಸರನ್ನು ಕರೆದು ಹೇಳುತ್ತಿದ್ದೆ, "ಹೋದ ಸಲ ನಾ ಹಾಕಿದ್ದು ಎದ್ದಿಲ್ಲ. ಲಸಿಕೆ ಚೊಲೋ ಅದ. ನನ್ನ ಕೈ ಸತ್ತದ. ಮತ್ತ ಹಾಕಬೇಕು."

ಯಾರೂ ಅಯ್ಯೋ ಎನ್ನಲಿಲ್ಲ. ಅನ್ನಬೇಕೆಂದು ನಾನು ಬಯಸಲೂ ಇಲ್ಲ. ಒಂದು ಊರಿನಲ್ಲಿ, ಕೈ ಸತ್ತದ್ದು ಗೊತ್ತಿದ್ದೇ ಹಾಕಿದಿ ಎಂದರು. ಇನ್ನೊಂದರಲ್ಲಿ ನನ್ನ ಕೊರಳ ಗಂಟನ್ನು ನೋಡಲು ಮುಂದೆ ಬಂದವರು, ನೋಡಿದ ಮೇಲೆ ಹಿಂದೆ ಸರಿದರು. ಆ ರೋಗ ಕೂಸಿಗೆ ಹತ್ತಿದರೆ ಯಾರು ಜವಾಬುದಾರಿ ಎಂದು ಗಂಡಸೊಬ್ಬ ಕೋಲು ಊರಿ ನಿಂತ. ಇದು ಹತ್ತುವ ರೋಗವಲ್ಲ ಎಂದು ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಟೀಕಾದವ ಮುಂದೆ ಬಂದು, "ನಾ ವರ್ಷಾನಗಟ್ಲೆ ಇವರ ಸಂಗಟ ಒಂದೇ ಬಂಡ್ಯಾಗ ತಿರಗಲತ್ತೀನಿ. ನನಗೇನ್ ಆಗ್ಯಾದ? ಇವರ ಬಾಯಿ ಒಂದು ಹತ್ತಿಲ್ಲ, ದೇವರ ದಯಾ," ಎಂದ. ಜನ ನಕ್ಕರು. ನನಗೆ ನಗು ಬರಲಿಲ್ಲ, ಆದರೆ ಕೂಸುಗಳು ಮುಂದೆ ಬಂದವು.

ಹೆಂಗಸರು ಪರದೆಯಲ್ಲಿರುವ ಭಾಲ್ಕಿಯ ಗೋಷಾ ಮನೆಗಳಲ್ಲಿ ಬೇರೆ ಪದ್ಧತಿ ಕಟ್ಟಿಕೊಂಡೆವು. ಬಾಗಿಲಿಗೆ ಚಾದರ ಕಟ್ಟಿ ಅದರಲ್ಲಿ ತೋಳು ತೂರುವಷ್ಟು ರಂಧ್ರ ಮಾಡಿದೆವು. ಒಳಗೆ ನಾನು, ಹೊರಗೆ ಅವನು. ನಾನು ತೋಳು ತೊಳೆದು, ಒಣಗಿಸಿ, ಎಡಗೈಯಿಂದ ಮೊಣಕೈ ಹಿಡಿದು ರಂಧ್ರದಿಂದ ಹೊರಗೆ ಚಾಚಿಸುತ್ತಿದ್ದೆ. ಅವನು ಹನಿ ಹಾಕಿ, ಒತ್ತಿ, ತಿರುಗಿಸುತ್ತಿದ್ದ. "ಜರಾ ಮ್ಯಾಲ ಹಿಡೀರಿ ಬಾಯಿ." "ನೀವು ಜರಾ ಮೆಲ್ಲಕ ಒತ್ರಿ, ಅದು ತೋಳು, ಚಪ್ಪಲಿ ಅಲ್ಲ." ಚಾದರದ ಎರಡೂ ಕಡೆಯಿಂದ ದಿನವಿಡೀ ಜಗಳ. ರಂಧ್ರದಲ್ಲಿ ಅವನ ಕೈ ಮಾತ್ರ ನನಗೆ ಕಾಣುತ್ತಿತ್ತು. ಒರಟು ಎಂದುಕೊಂಡಿದ್ದ ಆ ಕೈ ರಕ್ತ ಬಾರದ ಹಾಗೆ ಸರಿಯಾಗಿಯೇ ಒತ್ತುತ್ತಿತ್ತು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಹಲಬರ್ಗಾವನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಯಾಕೆಂದು ಟೀಕಾದವ ಕೇಳಲಿಲ್ಲ.

ಬೇವಿನ ನೀರಿನ ಮನೆಗೆ ಹೋದಾಗ ಸೊಸೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಕೆಯ ಅತ್ತೆ ಕಟ್ಟೆಯ ಮೇಲಿದ್ದಳು. ಅವತ್ತು ಬಾಗಿಲಲ್ಲಿ ನಿಂತು ನೋಡಿದ ಹೆಂಗಸರು ಇವತ್ತೂ ಬಂದು ನಿಂತರು. ಅವರೆಲ್ಲರಿಗೂ ಕೇಳುವಂತೆಯೇ ಹೇಳಿದೆ.

"ಈಕಿ ತೊಳೆದಿದ್ದಿಲ್ಲ. ಈಕಿ ಖರೆ ಹೇಳಿದ್ಳು. ನನ್ನ ಕೈಯಾಗ ಬಲ ಇದ್ದಿಲ್ಲ, ಟೀಕಾ ಒಳಗ ಹೋಗಿದ್ದಿಲ್ಲ. ನಾ ಈಕಿಗಿ ಬೈದಿದ್ದು ತಪ್ಪು."

ಆಕೆಯ ಅತ್ತೆ ಮುಖ ಆ ಕಡೆ ತಿರುಗಿಸಿದಳು. ಸೊಸೆ ಮೊರ ಕೆಳಗಿಟ್ಟು ಎದ್ದು ನಿಂತಳು.

"ನನ್ನ ಕೂಸು ಸಾಯ್ತದ ಅಂದಿದ್ದಿ," ಎಂದಳು. ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದಳು. "ಅವತ್ತಿಂದ ನನಗ ನಿದ್ದಿಲ್ಲ. ಕೂಸಿನ ಮೈ ಬೆಚ್ಚಗಾದ್ರ ಎದಿ ಒಡೀತಿತ್ತು. ಈಗ ತಪ್ಪಾಯ್ತು ಅಂತಿ."

"ಕೂಸಿಗಿ ಹಾಕಿಸು," ಅಂದೆ. "ನನ್ನ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲ ತೀರಿಸಬ್ಯಾಡ."

ಆಕೆ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಒಳಗೆ ಹೋಗಿ ಕೂಸನ್ನು ತಂದಳು. ಹಿಡಿದುಕೊಳ್ಳಲು ನಾನು ಕೈ ಚಾಚಿದೆ. ಆಕೆ ನನ್ನನ್ನು ದಾಟಿಕೊಂಡು ಹೋಗಿ ಟೀಕಾದವನ ಮುಂದೆ ಕೂತು, ತಾನೇ ಕೂಸಿನ ತೋಳನ್ನು ಹಿಡಿದಳು. ಅಷ್ಟು ಜನರ ಮುಂದೆ ಪರ ಗಂಡಸಿನ ಎದುರಿಗೆ ಕೂತ ಸೊಸೆಯನ್ನು ಆಕೆಯ ಅತ್ತೆ ಗದರಿದಳು. ಆಕೆ ತಿರುಗಿಯೂ ನೋಡಲಿಲ್ಲ. ನನ್ನ ಕೈಗಿಂತ ಅದು ಲೇಸು ಎಂದು ಆಕೆ ತೀರ್ಮಾನಿಸಿ ಆಗಿತ್ತು.

ಎಂಟನೇ ದಿನ ನಾನೊಬ್ಬಳೇ ರೈಲಿನಲ್ಲಿ ಹಲಬರ್ಗಾಕ್ಕೆ ಹೋದೆ. ಟ್ರಂಕು ಜೊತೆಗಿತ್ತು, ಅಲ್ಲಿಂದಲೇ ಹೈದರಾಬಾದಿನ ದಾರಿ ಹಿಡಿಯುವುದಿತ್ತು. ಸ್ಟೇಷನ್ನಿನಲ್ಲಿ ಟ್ರಂಕು ಇಟ್ಟು, ನಿಂತು ನಿಂತು ನಡೆದೆ. ಬೇರೆ ಮನೆಗಳ ಕೂಸುಗಳನ್ನೆಲ್ಲ ನೋಡಿ ಮುಗಿಸಿ ಆ ಮನೆಗೆ ಬಂದೆ. ಸೊಸೆ ಬಾಗಿಲು ತೆರೆದಳು. ಕೂಸು ಸೊಂಟದ ಮೇಲಿತ್ತು. ನಾನು ಅಭ್ಯಾಸದಂತೆ ಹತ್ತಿರ ಹೋದೆ.

"ಮುಟ್ಟಬ್ಯಾಡ," ಎಂದಳು. "ಅಲ್ಲಿಂದೇ ನೋಡು."

ನಾನು ಹೊಸ್ತಿಲ ಹೊರಗೆ ನಿಂತೆ. ಆಕೆ ಕೂಸಿನ ಅಂಗಿಯ ತೋಳನ್ನು ಮೇಲೆ ಸರಿಸಿ, ಕೂಸನ್ನು ಬಿಸಿಲಿಗೆ ತಿರುಗಿಸಿ ಹಿಡಿದಳು. ಗುಳ್ಳೆ ದುಂಡಗೆ, ನಡುವೆ ತಗ್ಗಾಗಿ, ಸುತ್ತ ಕೆಂಪಗೆ ಎದ್ದಿತ್ತು.

"ಎದ್ದದ," ಅಂದೆ.

"ಖರೆ ಹೇಳಲತ್ತಿ?"

"ಖರೆ."

ಆಕೆ ಅಂಗಿಯ ತೋಳನ್ನು ಕೆಳಗೆ ಎಳೆದು ಬಾಗಿಲು ಹಾಕಿಕೊಂಡಳು.